ಸಂಜೆ ಏಳೂವರೆಯ ಕರೆಂಟು: ಬಿಸಿಲು, ಗಾಳಿಯನ್ನು ಎಷ್ಟು ನೆಚ್ಚಿಕೊಳ್ಳಬಹುದು?

ರಾಜಾಜಿನಗರದ ಒಂದು 30×40 ಸೈಟಿನ ಮನೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ತಾರಸಿಯ ಮೇಲೆ ನೀರಿನ ಟ್ಯಾಂಕು, ಸೋಲಾರ್ ವಾಟರ್ ಹೀಟರ್, ಮೆಟ್ಟಿಲಿನ ಮೇಲ್ಕಟ್ಟು, ಬಟ್ಟೆ ಒಣಹಾಕುವ ತಂತಿ. ಇಷ್ಟಕ್ಕೆಲ್ಲ ಬಿಟ್ಟು ನೆರಳು ಬೀಳದ ಜಾಗ ಹುಡುಕಿದರೆ ಮುನ್ನೂರು, ಮುನ್ನೂರೈವತ್ತು ಚದರಡಿ ಸಿಗುತ್ತದೆ. ಒಂದು ಕಿಲೋವ್ಯಾಟ್ ಪ್ಯಾನೆಲ್‌ಗೆ ಸುಮಾರು ನೂರು ಚದರಡಿ ಬೇಕು. ಹಾಗಾಗಿ ಮೂರು ಕಿಲೋವ್ಯಾಟ್ ಕೂರಿಸಬಹುದು. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಅದಕ್ಕೆ 78,000 ರೂಪಾಯಿ ಸಬ್ಸಿಡಿಯೂ ಉಂಟು. ಬೆಂಗಳೂರಿನ ಬಿಸಿಲಿಗೆ ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ (ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್). ಅಂದರೆ ಮನೆಗೆ ದಿನಕ್ಕೆ 12, ತಿಂಗಳಿಗೆ 360 ಯೂನಿಟ್. ಮನೆಯವರು ಉರಿಸುವುದು 300. ಬಿಲ್ಲು ನೋಡಿದರೆ ಈ ಮನೆ ತನ್ನ ಕಾಲ ಮೇಲೆ ತಾನು ನಿಂತಿದೆ, ಮೇಲೆ ಅರವತ್ತು ಯೂನಿಟ್ ಊರಿಗೂ ಕೊಟ್ಟಿದೆ.

ಈಗ ಅದೇ ಮನೆಯನ್ನು ಸಂಜೆ ಏಳೂವರೆಗೆ ನೋಡಿ. ಇಂಡಕ್ಷನ್ ಒಲೆಯ ಮೇಲೆ ಸಾರು ಕುದಿಯುತ್ತಿದೆ, ಟಿವಿ ಓಡುತ್ತಿದೆ, ಮೂರು ಫ್ಯಾನು, ಫ್ರಿಜ್ಜು, ಜೊತೆಗೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟರು. ಎರಡು, ಎರಡೂವರೆ ಕಿಲೋವ್ಯಾಟ್ ಲೋಡು. ತಾರಸಿಯಿಂದ ಬರುತ್ತಿರುವುದು ಸೊನ್ನೆ. ಅಷ್ಟೂ ಕರೆಂಟು ಶರಾವತಿಯಿಂದಲೋ ರಾಯಚೂರಿನಿಂದಲೋ ಕೈಗಾದಿಂದಲೋ ಬರಬೇಕು. ತಿಂಗಳ ಲೆಕ್ಕದಲ್ಲಿ ಸ್ವಾವಲಂಬಿಯಾದ ಮನೆ, ಗಂಟೆಯ ಲೆಕ್ಕದಲ್ಲಿ ಪೂರ್ತಿ ಪರಾವಲಂಬಿ. ಬಿಸಿಲು, ಗಾಳಿಯ ವಿದ್ಯುತ್ತನ್ನು ನಂಬಬಹುದೇ ಎಂಬ ವಾದದಲ್ಲಿ ಎರಡೂ ಕಡೆಯವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಒಬ್ಬರು ವರ್ಷದ ಯೂನಿಟ್ ಎಣಿಸಿ ಗೆದ್ದೆವು ಅನ್ನುತ್ತಾರೆ, ಇನ್ನೊಬ್ಬರು ರಾತ್ರಿ ಸೂರ್ಯನೆಲ್ಲಿ ಎಂದು ಕೇಳಿ ಗೆದ್ದೆವು ಅನ್ನುತ್ತಾರೆ. ಯಾವ ತಿಂಗಳ ಯಾವ ಗಂಟೆ ಎಂದು ಹೇಳದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ.

ಇದೇ ಮನೆಯಲ್ಲಿ ಮತ್ತೊಂದು ವಿಚಿತ್ರವೂ ನಡೆಯುತ್ತದೆ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಬೀದಿಯ ಕರೆಂಟು ಹೋದರೆ, ಸುಡುವ ಬಿಸಿಲಿನಲ್ಲಿ ಪ್ಯಾನೆಲ್ ಹೊಳೆಯುತ್ತಿದ್ದರೂ ಮನೆಯಲ್ಲಿ ಫ್ಯಾನು ನಿಲ್ಲುತ್ತದೆ. ಹೊಸದಾಗಿ ಹಾಕಿಸಿದವರು ಮೋಸ ಹೋದೆವು ಅಂದುಕೊಳ್ಳುವುದುಂಟು. ಮೋಸವಲ್ಲ, ಅದು ಸುರಕ್ಷತೆಯ ನಿಯಮ. ಹೊರಗಿನ ವಿದ್ಯುತ್ ಜಾಲಕ್ಕೆ, ಅಂದರೆ ಗ್ರಿಡ್‌ಗೆ, ಕೂಡಿಸಿದ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಯಂತ್ರ) ಹೊರಗಿನ ವೋಲ್ಟೇಜ್ ಇಲ್ಲವಾದ ಕೂಡಲೇ ತಾನೂ ನಿಲ್ಲಬೇಕು. ಇಲ್ಲದಿದ್ದರೆ ಲೈನು ಸತ್ತಿದೆ ಎಂದುಕೊಂಡು ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯ ಕರೆಂಟು ಹೊಡೆಯುತ್ತದೆ. ಕರೆಂಟು ಹೋದಾಗಲೂ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಹಾಕಿಸಬೇಕು, ಅದರ ಖರ್ಚೇ ಬೇರೆ.

ಹೆಸರಿಗೆಷ್ಟು, ಕೈಗೆಷ್ಟು

ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್ (ಸಾವಿರ ಕಿಲೋವ್ಯಾಟ್ ಒಂದು ಮೆಗಾವ್ಯಾಟ್). ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಕೊಳ್ಳದೆ ಗೇಣಿಗೆ ಪಡೆದು ಕಟ್ಟಿದ್ದು. ರಾಯಚೂರಿನ ಶಾಖೋತ್ಪನ್ನ ಕೇಂದ್ರ 1,720 ಮೆಗಾವ್ಯಾಟ್. ಪಾವಗಡ ರಾಯಚೂರಿಗಿಂತ ದೊಡ್ಡದೇ? ಹಲಗೆಯ ಮೇಲಿನ ಅಂಕಿಯಲ್ಲಿ ಹೌದು, ವರ್ಷಕ್ಕೆ ಕೊಡುವ ಯೂನಿಟ್ಟಿನಲ್ಲಿ ಅಲ್ಲ. ನಮ್ಮ ಕಡೆಯ ದೊಡ್ಡ ಸೌರ ಘಟಕ ತನ್ನ ಪೂರ್ಣ ಸಾಮರ್ಥ್ಯದಲ್ಲಿ ವರ್ಷವಿಡೀ ಓಡಿದ್ದರೆ ಬರಬೇಕಿದ್ದುದರ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಭಾಗವನ್ನಷ್ಟೇ ಕೊಡುತ್ತದೆ. ಗಾಳಿಯಂತ್ರ ಇಪ್ಪತ್ತೈದರಿಂದ ಮೂವತ್ತು. ಎತ್ತರದ ಕಂಬ, ಉದ್ದದ ರೆಕ್ಕೆ ಇರುವ ಹೊಸ ಯಂತ್ರಗಳು ಅದಕ್ಕೂ ಹೆಚ್ಚು. ಚೆನ್ನಾಗಿ ನಡೆಸಿದ ಕಲ್ಲಿದ್ದಲು ಘಟಕದಿಂದ ಎಂಬತ್ತೈದು ನಿರೀಕ್ಷಿಸಬಹುದು.

ಇದನ್ನು ಅಂಕಿಗಿಳಿಸಿದರೆ ಹೀಗೆ. 1,000 ಮೆಗಾವ್ಯಾಟ್ ಕಲ್ಲಿದ್ದಲು ಘಟಕ ದಿನಕ್ಕೆ ಸುಮಾರು 204 ಲಕ್ಷ ಯೂನಿಟ್ ಕೊಡಬಲ್ಲದು. 1,000 ಮೆಗಾವ್ಯಾಟ್ ಸೌರ ಘಟಕ ಕೊಡುವುದು 53 ಲಕ್ಷ. ಯೂನಿಟ್ ಸರಿತೂಗಿಸಲು ಸುಮಾರು 3,900 ಮೆಗಾವ್ಯಾಟ್ ಸೌರ ಬೇಕು. ಅಷ್ಟು ಹಾಕಿದ ಮೇಲೂ ಬಿಸಿಲಿಲ್ಲದ ಹದಿನೈದು ಗಂಟೆಗೆ ಸುಮಾರು 127 ಲಕ್ಷ ಯೂನಿಟ್ ಎಲ್ಲಾದರೂ ಕೂಡಿಡಬೇಕು. ಕಲ್ಲಿದ್ದಲನ್ನು ಬಿಸಿಲಿನಿಂದ ಒಂದಕ್ಕೊಂದು ಬದಲಿಸುವ ಮಾತಾಡುವವರು ಈ ಎರಡನೆಯ ಅಂಕಿಯನ್ನು ನುಂಗಿಕೊಳ್ಳುತ್ತಾರೆ. ಆದರೆ ಕರ್ನಾಟಕದಲ್ಲಿ ಯಾರೂ ಒಂದಕ್ಕೊಂದು ಬದಲಿಸಬೇಕಾಗಿಲ್ಲ ಎನ್ನುವುದೂ ಅಷ್ಟೇ ನಿಜ. ಯಾಕೆ ಎನ್ನುವುದು ಮುಂದೆ ಬರುತ್ತದೆ.

ಬಿಸಿಲು ಜಾಸ್ತಿಯಾದಷ್ಟೂ ಕರೆಂಟು ಜಾಸ್ತಿ ಎಂಬ ನಂಬಿಕೆಯೂ ಅರ್ಧ ಸತ್ಯ. ಪ್ಯಾನೆಲ್‌ನ ಅಳತೆ ತೆಗೆಯುವುದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿಗೂ ಶೇ 0.3ರಿಂದ 0.4ರಷ್ಟು ಇಳುವರಿ ಕಡಿಮೆಯಾಗುತ್ತದೆ. ಏಪ್ರಿಲ್‌ನಲ್ಲಿ ಪಾವಗಡದಂಥ ಕಡೆ ಗಾಜು 65 ಡಿಗ್ರಿ ಮುಟ್ಟಿತೆಂದರೆ ಶೇ 14ರಷ್ಟು ಶಾಖಕ್ಕೇ ಹೋಯಿತು. ಮೇಲಿನ ದೂಳಿನದು ಬೇರೆ ಲೆಕ್ಕ. ಪ್ಯಾನೆಲ್ಲೊಂದನ್ನು ತೊಳೆಯಲು ಒಂದೆರಡು ಲೀಟರ್ ನೀರು ಸಾಕು, ಆದರೆ ಬರದ ತಾಲ್ಲೂಕಿನಲ್ಲಿ ಲಕ್ಷಗಟ್ಟಲೆ ಪ್ಯಾನೆಲ್‌ಗಳನ್ನು ತಿಂಗಳಿಗೆರಡು ಸಲ ತೊಳೆಯುವುದೆಂದರೆ ಸಣ್ಣ ಮಾತಲ್ಲ. ಒಣ ಬ್ರಷ್ಷಿನ ಯಂತ್ರಗಳು ಬಂದದ್ದು ಇದಕ್ಕೇ.

ಆಷಾಢದ ಗಾಳಿ, ಕಾರ್ತಿಕದ ಮೌನ

ಗಾಳಿಯ ಕಥೆ ಬೇರೆ. ಚಿತ್ರದುರ್ಗದ ಗುಡ್ಡಗಳು, ಗದಗಿನ ಕಪ್ಪತಗುಡ್ಡದ ಸುತ್ತಮುತ್ತ, ದಾವಣಗೆರೆ, ಕೊಪ್ಪಳ, ವಿಜಯಪುರ, ಬೆಳಗಾವಿ. ಇಲ್ಲೆಲ್ಲ ತಿರುಗುವ ರೆಕ್ಕೆಗಳು ವರ್ಷದ ದುಡಿಮೆಯ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಸುತ್ತವೆ. ಆಷಾಢದ ಗಾಳಿ ಹಗಲು ರಾತ್ರಿ ನೋಡುವುದಿಲ್ಲ. ಅಕ್ಟೋಬರ್ ಬಂತೆಂದರೆ ಬಿದ್ದುಹೋಗುತ್ತದೆ.

ಬಿದ್ದುಹೋಗುವ ಪರಿಯೂ ಸಾಮಾನ್ಯದ್ದಲ್ಲ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ಸೆಕೆಂಡಿಗೆ 8 ಮೀಟರ್ ಬೀಸುತ್ತಿದ್ದ ಗಾಳಿ 4ಕ್ಕಿಳಿದರೆ ಶಕ್ತಿ ಅರ್ಧವಾಗುವುದಿಲ್ಲ, ಎಂಟನೇ ಒಂದಾಗುತ್ತದೆ. 3 ಮೀಟರ್‌ಗಿಂತ ಕೆಳಗೆ ಯಂತ್ರ ಕರೆಂಟು ಕೊಡುವುದೇ ಇಲ್ಲ. 11, 12ರ ಹೊತ್ತಿಗೆ ಪೂರ್ಣ ಸಾಮರ್ಥ್ಯ. 25 ದಾಟಿದರೆ ತನ್ನನ್ನು ಉಳಿಸಿಕೊಳ್ಳಲು ರೆಕ್ಕೆಯ ಓರೆ ಬದಲಿಸಿ ನಿಲ್ಲುತ್ತದೆ. ಹಾಗಾಗಿ ಹವಾಮಾನ ಮುನ್ಸೂಚನೆಯಲ್ಲಿ ಗಾಳಿಯ ವೇಗ ಒಂದು ಮೀಟರ್ ತಪ್ಪಿದರೂ (5ರ ಬದಲು 6 ಎಂದುಕೊಂಡರೂ) ಮೆಗಾವ್ಯಾಟ್ ಲೆಕ್ಕ ಶೇ 70ರಷ್ಟು ತಪ್ಪುತ್ತದೆ.

ಈ ತಪ್ಪನ್ನು ಹೊರುವವರು ಆನಂದರಾವ್ ವೃತ್ತದ ಹತ್ತಿರ ಕೂತಿದ್ದಾರೆ. ರಾಜ್ಯದ ಲೋಡ್ ಡಿಸ್ಪ್ಯಾಚ್ ಕೇಂದ್ರ, ಇಡೀ ದಕ್ಷಿಣ ಭಾರತದ ಡಿಸ್ಪ್ಯಾಚ್ ಕೇಂದ್ರ ಎರಡೂ ಅಲ್ಲೇ ಅಕ್ಕಪಕ್ಕ. ಅವರ ದಿನ 24 ಗಂಟೆಯದ್ದಲ್ಲ, 15 ನಿಮಿಷದ 96 ಬ್ಲಾಕ್‌ಗಳದ್ದು. ಯಾವ ಬ್ಲಾಕ್‌ನಲ್ಲಿ ಯಾರು ಎಷ್ಟು ಕೊಡುತ್ತಾರೆ ಎಂದು ಹಿಂದಿನ ದಿನವೇ ಶೆಡ್ಯೂಲ್ ಆಗಿರುತ್ತದೆ. ಗ್ರಿಡ್‌ನ ಆವರ್ತನ 49.90 ಮತ್ತು 50.05 ಹರ್ಟ್ಸ್ ನಡುವೆ ಇರಬೇಕು. ಕೊಡುವುದು ಕಡಿಮೆಯಾದರೆ ಇಳಿಯುತ್ತದೆ, ತೆಗೆದುಕೊಳ್ಳುವುದು ಕಡಿಮೆಯಾದರೆ ಏರುತ್ತದೆ, ತಕ್ಕಡಿಯ ಮುಳ್ಳಿನಂತೆ. ಗಾಳಿ, ಸೌರ ಘಟಕಗಳೂ ಮುನ್ಸೂಚನೆ ಕೊಡಬೇಕೆಂದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) 2015ರಲ್ಲೇ ನಿಯಮ ತಂದಿತು. ಆಗಿನ ಪ್ರಕಾರ ಶೇ 15ರವರೆಗಿನ ತಪ್ಪಿಗೆ ಮಾಫಿ, ಅದರ ಮೇಲೆ ಹಂತ ಹಂತವಾಗಿ ಯೂನಿಟ್‌ಗೆ 50 ಪೈಸೆ, ಒಂದು ರೂಪಾಯಿ, ಒಂದೂವರೆ. ದಂಡ ಬಿದ್ದ ಮೇಲೆಯೇ ಮುನ್ಸೂಚನೆಗೆ ಶಿಸ್ತು ಬಂದದ್ದು.

ಮುನ್ಸೂಚನೆ ಸರಿಯಿದ್ದರೆ ಎಂಥ ಏರಿಳಿತವನ್ನೂ ದಾಟಬಹುದು ಎನ್ನುವುದಕ್ಕೆ 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಒಳ್ಳೆಯ ಉದಾಹರಣೆ. ಬೆಳಿಗ್ಗೆ ಎಂಟರಿಂದ ಹನ್ನೊಂದರ ನಡುವೆ ಬೆಂಗಳೂರಿನ ಆಕಾಶದಲ್ಲಿ ಸೂರ್ಯ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಮುಚ್ಚಿಹೋದ. ಸೌರ ವಿದ್ಯುತ್ತು ಏರಬೇಕಾದ ಹೊತ್ತಿನಲ್ಲಿ ಕುಸಿದು ಮತ್ತೆ ಜಿಗಿಯಿತು. ಮನೆಗಳಲ್ಲಿ ದೀಪವೂ ಮಿಣುಕಲಿಲ್ಲ, ಏಕೆಂದರೆ ಯಾವ ನಿಮಿಷ ಎಷ್ಟು ಕುಸಿಯುತ್ತದೆ ಎಂದು ಮೊದಲೇ ಗೊತ್ತಿತ್ತು. ತೊಂದರೆ ಕೊಡುವುದು ಪಂಚಾಂಗದಲ್ಲಿರುವ ಗ್ರಹಣವಲ್ಲ, ಪಂಚಾಂಗದಲ್ಲಿಲ್ಲದ ಮೋಡ.

ಸಂಜೆಯ ಇಳಿಜಾರು

ರಾಜ್ಯದಲ್ಲಿ ಸೌರ ಸಾಮರ್ಥ್ಯ 9,000 ಮೆಗಾವ್ಯಾಟ್ ಮೀರಿದೆ, ಗಾಳಿಯದು 7,000. 2025ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 18,000 ಮೆಗಾವ್ಯಾಟ್ ದಾಟಿತು. ಆದರೆ ಆ ಗರಿಷ್ಠ ಮುಟ್ಟಿದ್ದು ಹಳೆಯ ಕಾಲದ ಹಾಗೆ ದೀಪ ಹಚ್ಚುವ ಹೊತ್ತಿನಲ್ಲಲ್ಲ, ಹಗಲಿನಲ್ಲಿ. ಇದು ತಾನಾಗಿ ಆದದ್ದಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ (ಸಬ್‌ಸ್ಟೇಷನ್‌ನಿಂದ ಬರುವ ಲೈನು) ಬೇರೆ, ಪಂಪ್‌ಸೆಟ್ ಫೀಡರ್ ಬೇರೆ ಮಾಡಿದ್ದರಿಂದ, ಪಂಪ್‌ಸೆಟ್‌ಗಳಿಗೆ ಕೊಡುವ ಏಳು ಗಂಟೆಯ ತ್ರೀ ಫೇಸ್ ಕರೆಂಟನ್ನು ಹಗಲಿಗೆ ತಳ್ಳಲು ಸಾಧ್ಯವಾಯಿತು. ರಾಜ್ಯದ ಪಂಪ್‌ಸೆಟ್‌ಗಳು ಮೂವತ್ತು ಲಕ್ಷಕ್ಕೂ ಹೆಚ್ಚು. ಮಾರುವ ಕರೆಂಟಿನಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಅವುಗಳದ್ದೇ. ರಾತ್ರಿ ಎರಡು ಗಂಟೆಗೆ ಎದ್ದು ಹಾವು ಚೇಳಿನ ನಡುವೆ ಮೋಟರು ಹಾಕಲು ಹೋಗುತ್ತಿದ್ದ ರೈತನಿಗೆ ಪಾವಗಡದ ಪ್ಯಾನೆಲ್ ಕೊಟ್ಟದ್ದು ಇದನ್ನು. ಬಿಸಿಲಿರುವಾಗ ಪಂಪ್‌ಸೆಟ್ಟಿನ ಲೋಡು ಏರುತ್ತದೆ, ಬಿಸಿಲಿಳಿದಾಗ ಆ ಲೋಡೂ ಇಳಿಯುತ್ತದೆ. ಸೌರ ಕಳೆದು ಉಳಿದ ಬೇಡಿಕೆ ಮಧ್ಯಾಹ್ನ ತಗ್ಗಿ ಸಂಜೆ ಕಡಿದಾಗಿ ಏರುವುದನ್ನು ತೋರಿಸುವ ಕ್ಯಾಲಿಫೋರ್ನಿಯಾದ ಬಾತುಕೋಳಿ ನಕ್ಷೆಯನ್ನು ತಂದು ಇಲ್ಲಿಗೆ ಅಂಟಿಸುವವರು ಈ ಪಂಪ್‌ಸೆಟ್ಟನ್ನು ಮರೆಯುತ್ತಾರೆ.

ಹಾಗೆಂದು ಸಂಜೆಯ ಸಂಕಟ ಇಲ್ಲವೆಂದಲ್ಲ. ಮಾರ್ಚ್ ತಿಂಗಳಲ್ಲಿ ನಾಲ್ಕು ಗಂಟೆಗೆ 3,000 ಮೆಗಾವ್ಯಾಟ್ ಸೌರ ಬರುತ್ತಿದೆ ಎಂದಿಟ್ಟುಕೊಳ್ಳಿ. ಆರೂವರೆಗೆ ಸೂರ್ಯ ಮುಳುಗಿದಾಗ ಅದು ಸೊನ್ನೆ. ನಿಮಿಷಕ್ಕೆ 20 ಮೆಗಾವ್ಯಾಟ್ ಇಳಿಜಾರು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ದೀಪ, ಎಸಿ, ಮಾಲು, ಅಡುಗೆಮನೆ ಎಲ್ಲ ಒಟ್ಟಿಗೆ ಏರುತ್ತವೆ. ತುಂಬುವವರು ಯಾರು? ಕಲ್ಲಿದ್ದಲು ಘಟಕಗಳು ಮಧ್ಯಾಹ್ನ ತಗ್ಗಿ ನಡೆದು ಸಂಜೆ ಏರಬೇಕು. ತಗ್ಗುವುದಕ್ಕೆ ಮಿತಿಯಿದೆ: ಈಗಿನ ಕೇಂದ್ರ ನಿಯಮದಲ್ಲಿ ಪೂರ್ಣ ಸಾಮರ್ಥ್ಯದ ಶೇ 55, ಮುಂದೆ ಹಂತಹಂತವಾಗಿ 40ಕ್ಕಿಳಿಸುವ ಗುರಿ. ಅದಕ್ಕಿಂತ ಕೆಳಗಿಳಿದರೆ ಬಾಯ್ಲರ್‌ನ ಬೆಂಕಿ ಆರದಂತೆ ಉಳಿಸಲು ಎಣ್ಣೆ ಸುರಿಯಬೇಕು. ಪದೇ ಪದೇ ಬಿಸಿ ತಂಪು ಆದ ಪೈಪುಗಳ ಬೆಸುಗೆ ಬಿರುಕು ಬಿಡುತ್ತದೆ. ರಾಯಚೂರು 1,720, ಬಳ್ಳಾರಿ 1,700, ಯರಮರಸ್ 1,600, ಉಡುಪಿ 1,200. ಒಟ್ಟು 6,220 ಮೆಗಾವ್ಯಾಟ್. ಇಷ್ಟೂ ಸುಸ್ಥಿತಿಯಲ್ಲಿದ್ದು, ಇಷ್ಟೂ 55ರಿಂದ ನೂರಕ್ಕೇರಿದರೆ ಸಿಗುವುದು 2,800 ಮೆಗಾವ್ಯಾಟ್. ಎಲ್ಲ ಯೂನಿಟ್ಟುಗಳೂ ಒಂದೇ ದಿನ ಸುಸ್ಥಿತಿಯಲ್ಲಿರುವುದು ಅಪರೂಪ. ಬಾಯ್ಲರ್ ಟ್ಯೂಬ್ ಸೋರಿಕೆ ಎಂಬ ಮಾತು ಈ ಕ್ಷೇತ್ರದಲ್ಲಿ ನೆಗಡಿ ಎಂಬಷ್ಟು ಸಾಮಾನ್ಯ. ಬಿಸಿಲು ನಂಬಿಕೆಗೆ ಅರ್ಹವಲ್ಲ, ಕಲ್ಲಿದ್ದಲು ಅರ್ಹ ಎಂದು ಗೆರೆ ಎಳೆಯುವವರು ಇದನ್ನೂ ನೆನೆಯಬೇಕು: ಸೂರ್ಯ ಮುಳುಗುವ ಹೊತ್ತು ಗೊತ್ತಿದೆ, ಟ್ಯೂಬ್ ಒಡೆಯುವ ಹೊತ್ತು ಗೊತ್ತಿಲ್ಲ.

ಕರೆಂಟು ಕೊಂಡು ಮಾರುವ ಮಾರುಕಟ್ಟೆಯಾದ ವಿದ್ಯುತ್ ವಿನಿಮಯ ಕೇಂದ್ರದ ದರದಲ್ಲೂ ಇದೇ ಕಥೆ ಬರೆದಿರುತ್ತದೆ. ಬಿಸಿಲಿನ ದಿನ ಮಧ್ಯಾಹ್ನ ಯೂನಿಟ್‌ಗೆ ಎರಡು, ಮೂರು ರೂಪಾಯಿ. ಅದೇ ದಿನ ಸಂಜೆ ಎಷ್ಟೋ ಸಲ ಗರಿಷ್ಠ ಮಿತಿಯಾದ ಹತ್ತು ರೂಪಾಯಿಗೆ ತಲೆತಾಗಿಸಿಕೊಂಡು ನಿಂತಿರುತ್ತದೆ. ಸೌರ ವಿದ್ಯುತ್ತು ಅಗ್ಗ ಎಂದಾಗ ಯಾವ ಗಂಟೆಯ ಯೂನಿಟ್ಟು ಎಂದು ಕೇಳಲೇಬೇಕು. ಬೆಂಗಳೂರಿನ ಐಟಿ ಪಾರ್ಕುಗಳ ಗೇಟಿನಲ್ಲಿ ‘ನೂರಕ್ಕೆ ನೂರು ಹಸಿರು ವಿದ್ಯುತ್’ ಎಂಬ ಫಲಕ ಕಂಡಾಗಲೂ ಅಷ್ಟೇ. ಚಿತ್ರದುರ್ಗದ ಗಾಳಿಯಂತ್ರದ ಯೂನಿಟ್ಟುಗಳನ್ನು ಓಪನ್ ಆಕ್ಸೆಸ್‌ನಲ್ಲಿ (ಗ್ರಿಡ್‌ನ ತಂತಿ ಬಳಸಿ ಉತ್ಪಾದಕರಿಂದ ನೇರವಾಗಿ) ಕೊಂಡು, ಮಿಕ್ಕದ್ದನ್ನು ಬ್ಯಾಂಕಿಂಗ್ ಲೆಕ್ಕದಲ್ಲಿ ಗ್ರಿಡ್‌ಗೆ ಜಮಾ ಮಾಡಿ ಆಮೇಲೆ ತೆಗೆದುಕೊಳ್ಳುವ ವ್ಯವಸ್ಥೆ ಅದು. ಪುಸ್ತಕದಲ್ಲಿ ಲೆಕ್ಕ ಸರಿ. ಆದರೆ ಗ್ರಿಡ್‌ನಲ್ಲಿ ಯೂನಿಟ್ಟು ಜಮಾ ಆಗಿ ಕೂರುವ ಲಾಕರ್ ಇಲ್ಲ. ಜುಲೈನಲ್ಲಿ ಕೊಟ್ಟದ್ದನ್ನು ಯಾರೋ ಜುಲೈನಲ್ಲೇ ಉರಿಸಿರುತ್ತಾರೆ.

ಲಿಂಗನಮಕ್ಕಿ ಎಂಬ ಬ್ಯಾಟರಿ

ಕರ್ನಾಟಕ ಇಷ್ಟು ಬಿಸಿಲು, ಗಾಳಿಯನ್ನು ಜೀರ್ಣಿಸಿಕೊಂಡಿರುವ ಗುಟ್ಟು ಪ್ಯಾನೆಲ್‌ನಲ್ಲಿಲ್ಲ, ಮಲೆನಾಡಿನ ನೀರಿನಲ್ಲಿದೆ. ಜಲವಿದ್ಯುತ್ ಯಂತ್ರ ನಿಂತಲ್ಲಿಂದ ಪೂರ್ಣ ಸಾಮರ್ಥ್ಯಕ್ಕೆ ಕೆಲವೇ ನಿಮಿಷಗಳಲ್ಲಿ ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ದೇಶವೆಲ್ಲ ಒಂಬತ್ತು ನಿಮಿಷ ದೀಪ ಆರಿಸಿದಾಗ ಬೇಡಿಕೆ 31,000 ಮೆಗಾವ್ಯಾಟ್‌ಗೂ ಹೆಚ್ಚು ಕುಸಿದು ಮತ್ತೆ ಏರಿತು. ಆ ಹೊಡೆತವನ್ನು ಮುಖ್ಯವಾಗಿ ತಡೆದುಕೊಂಡದ್ದು ಜಲವಿದ್ಯುತ್ತೇ.

ಶರಾವತಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಲಿಂಗನಮಕ್ಕಿ ಪೂರ್ಣ ತುಂಬಿದರೆ, ಅಂದರೆ 1,819 ಅಡಿಗೆ, ಸುಮಾರು 151 ಟಿಎಂಸಿ. ಅಲ್ಲಿಂದ ಶರಾವತಿ ವಿದ್ಯುದಾಗಾರಕ್ಕೆ ನೀರು ನಾನ್ನೂರು ಮೀಟರ್‌ಗೂ ಹೆಚ್ಚು ಆಳಕ್ಕೆ ಧುಮುಕುತ್ತದೆ. ಈ ಎತ್ತರದಲ್ಲಿ ಒಂದು ಘನ ಮೀಟರ್ ನೀರಿಗೆ ಹೆಚ್ಚುಕಡಿಮೆ ಒಂದು ಯೂನಿಟ್. ಒಂದು ಟಿಎಂಸಿಗೆ (ನೂರು ಕೋಟಿ ಘನ ಅಡಿ, ಅಂದರೆ 2.8 ಕೋಟಿ ಘನ ಮೀಟರ್) ಸುಮಾರು ಮೂರು ಕೋಟಿ ಯೂನಿಟ್ ಎಂದು ಹಿಡಿದರೆ ಇಡೀ ಲಿಂಗನಮಕ್ಕಿಯಲ್ಲಿ 450 ಕೋಟಿ. ಬೇಸಿಗೆಯಲ್ಲಿ ರಾಜ್ಯ ದಿನಕ್ಕೆ 30 ಕೋಟಿ ಯೂನಿಟ್‌ಗೂ ಹೆಚ್ಚು ಉರಿಸುತ್ತದೆ. ಅಂದರೆ ತುಂಬಿ ತುಳುಕುವ ಲಿಂಗನಮಕ್ಕಿ ಒಂದೇ ರಾಜ್ಯವನ್ನು ಸಾಕಬೇಕಾಗಿ ಬಂದರೆ ಹದಿನೈದು ದಿನಕ್ಕೆ ಬರಿದು.

ಅದೇ ನೀರನ್ನು ಬೇರೆ ರೀತಿ ಖರ್ಚು ಮಾಡಿ ನೋಡಿ. ಶರಾವತಿಯ ಹತ್ತು ಯೂನಿಟ್ಟುಗಳು, 1,035 ಮೆಗಾವ್ಯಾಟ್, ದಿನವಿಡೀ ಓಡಿದರೆ ದಿನಕ್ಕೆ 0.8 ಟಿಎಂಸಿ ಬೇಕು. ಆರು ತಿಂಗಳಿಗೆ ಖಾಲಿ. ಸಂಜೆ ನಾಲ್ಕು ಗಂಟೆ ಮಾತ್ರ ಓಡಿಸಿದರೆ ದಿನಕ್ಕೆ 0.14 ಟಿಎಂಸಿ, ವರ್ಷಕ್ಕೆ ಐವತ್ತೊಂದು. ಮೂರನೇ ಒಂದು ಪಾಲು ತುಂಬಿದ ಜಲಾಶಯವೂ ವರ್ಷದ ಎಲ್ಲ ಸಂಜೆಗಳನ್ನು ದಾಟಿಸಬಲ್ಲದು. ಹಗಲು ಪಾವಗಡ ದುಡಿಯಲಿ, ಸಂಜೆ ಶರಾವತಿ ದುಡಿಯಲಿ ಎನ್ನುವುದರ ಅರ್ಥ ಇದು. ಬಿಸಿಲಿನ ಪ್ರತಿ ಯೂನಿಟ್ಟೂ ಲಿಂಗನಮಕ್ಕಿಯಲ್ಲಿ ಒಂದು ಘನ ಮೀಟರ್ ನೀರನ್ನು ಸಂಜೆಗೆ ಉಳಿಸುತ್ತದೆ. ಹೊಸ ಬ್ಯಾಟರಿಗೆ ಸಾವಿರಾರು ಕೋಟಿ ಚೆಲ್ಲುವ ಮೊದಲು, 1960ರ ದಶಕದಲ್ಲೇ ನಮ್ಮ ಹಿರಿಯರು ಕಟ್ಟಿಟ್ಟ ಈ ಬ್ಯಾಟರಿಯನ್ನು ನೆಟ್ಟಗೆ ಬಳಸುತ್ತಿದ್ದೇವೆಯೇ ಎಂದು ಕೇಳುವುದು ನ್ಯಾಯ.

ಕೊರತೆಯಿರುವುದು ನೀರಿನದ್ದಲ್ಲ, ಸಂಜೆಗೆ ಬೇಕಾದ ಮೆಗಾವ್ಯಾಟ್‌ನದ್ದು. ಸಾವಿರ ಮೆಗಾವ್ಯಾಟ್ ಸಾಲುವುದಿಲ್ಲ, ಮೂರ್ನಾಲ್ಕು ಸಾವಿರ ಬೇಕು. ಶರಾವತಿಯಲ್ಲಿ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಹುಟ್ಟಿದ್ದು ಇದಕ್ಕೆ: ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮಧ್ಯಾಹ್ನದ ಅಗ್ಗದ ಕರೆಂಟಿನಲ್ಲಿ ಮೇಲಿನ ತಲಕಳಲೆಗೆ ಎತ್ತಿ, ಸಂಜೆ ಇಳಿಸುವುದು. ನೂರು ಯೂನಿಟ್ ಖರ್ಚು ಮಾಡಿ ಎತ್ತಿದರೆ ಎಪ್ಪತ್ತೈದರಿಂದ ಎಂಬತ್ತು ಹಿಂದಕ್ಕೆ ಬರುತ್ತದೆ. ಎಂಜಿನಿಯರ್ ಕಣ್ಣಿಗೆ ಎರಡೂ ಜಲಾಶಯ ಸಿದ್ಧವಿರುವ ಇಂಥ ಜಾಗ ಅಪರೂಪ. ಆದರೆ ನಡುವೆ ಇರುವುದು ಸಿಂಗಳೀಕ ಅಭಯಾರಣ್ಯ, ಜಾರುವ ಮಣ್ಣಿನ ಘಟ್ಟ. ಸುರಂಗ, ರಸ್ತೆ, ಮರ ಕಡಿತದ ವಿರುದ್ಧ ಮಲೆನಾಡಿನಲ್ಲಿ ಎದ್ದಿರುವ ವಿರೋಧ ಅಭಿವೃದ್ಧಿಯ ಅರಿವಿಲ್ಲದ್ದಲ್ಲ. ಲಿಂಗನಮಕ್ಕಿಗಾಗಿ ಊರು ಬಿಟ್ಟವರ ಮಕ್ಕಳು ಈಗಲೂ ಹಕ್ಕುಪತ್ರಕ್ಕೆ ಅಲೆಯುತ್ತಿರುವಾಗ ಬೆಂಗಳೂರಿನ ಸಂಜೆಗೆ ಇನ್ನಷ್ಟು ಕಾಡು ಕೊಡಿ ಎಂದರೆ ಕೇಳಿಸಿಕೊಳ್ಳುವುದು ಕಷ್ಟ.

ಬ್ಯಾಟರಿ ಘಟಕಗಳಿಗೆ ಆ ಜಗಳವಿಲ್ಲ. ಸಬ್‌ಸ್ಟೇಷನ್ ಪಕ್ಕದ ಬಯಲಿನಲ್ಲಿ ಕಂಟೇನರ್ ಸಾಲು ನಿಲ್ಲಿಸಿದರಾಯಿತು. ಕೊಳ್ಳುವಾಗ ಮಾತ್ರ ಎರಡು ಅಂಕಿ ನೋಡಬೇಕು. 500 ಮೆಗಾವ್ಯಾಟ್ ಎಂದಷ್ಟೇ ಹೇಳಿದರೆ ಅರ್ಧ ಮಾತು. ಎಷ್ಟು ಹೊತ್ತಿಗೆ? ಎರಡು ಗಂಟೆಯದ್ದಾದರೆ ಅದರ ಹೊಟ್ಟೆ 10 ಲಕ್ಷ ಯೂನಿಟ್. ಸಂಜೆ ಆರೂವರೆಗೆ ಶುರುವಾದದ್ದು ಎಂಟೂವರೆಗೆ ಮುಗಿಯುತ್ತದೆ, ಎಸಿಗಳು ಇನ್ನೂ ಓಡುತ್ತಿರುತ್ತವೆ. ತುಂಬಿದ ನೂರು ಯೂನಿಟ್‌ನಲ್ಲಿ ಎಂಬತ್ತೈದು ಹಿಂದಿರುಗಬೇಕೆನ್ನುವುದು ಟೆಂಡರ್‌ಗಳ ಸಾಮಾನ್ಯ ಷರತ್ತು. ವರ್ಷ ಕಳೆದಂತೆ ಹೊಟ್ಟೆಯೂ ಕುಗ್ಗುತ್ತದೆ. ದಿನದ ಏರಿಳಿತಕ್ಕೆ ಬ್ಯಾಟರಿ ಹೇಳಿಮಾಡಿಸಿದ್ದು. ತಿಂಗಳುಗಟ್ಟಲೆಯ ಕೊರತೆಗೆ ಅದು ಏನೂ ಮಾಡಲಾರದು.

ಮಳೆ ಕೈಕೊಟ್ಟ ವರ್ಷ

ನಿಜವಾದ ಪರೀಕ್ಷೆ ಸಂಜೆಯದ್ದಲ್ಲ, ಬರದ್ದು. 2023ರಲ್ಲಿ ಮುಂಗಾರು ಕೈಕೊಟ್ಟಿತು. 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಅಕ್ಟೋಬರ್‌ನಲ್ಲಿ ಒಳ್ಳೆಯ ಮಳೆ ಇದ್ದರೆ ಪಂಪ್‌ಸೆಟ್‌ಗಳು ಮಲಗಿರುತ್ತವೆ. ಆ ವರ್ಷ ಬೆಳೆ ಉಳಿಸಿಕೊಳ್ಳಲು ಎಲ್ಲ ಕೊಳವೆಬಾವಿಗಳೂ ಒಟ್ಟಿಗೆ ಓಡಿದವು. ಬೇಡಿಕೆ 15,000 ಮೆಗಾವ್ಯಾಟ್ ದಾಟಿತು. ಜಲಾಶಯಗಳು ಅರೆಬರೆ. ಮುಂಗಾರಿನ ಗಾಳಿಯ ಕಾಲ ಮುಗಿದಿತ್ತು. ಬಿಸಿಲೊಂದು ತನ್ನ ಕೆಲಸ ಮಾಡುತ್ತಿತ್ತು, ಹಗಲು ಮಾತ್ರ. ಪಂಪ್‌ಸೆಟ್‌ಗೆ ಏಳು ಗಂಟೆ ಐದಾಯಿತು, ರೈತರು ಬೀದಿಗಿಳಿದರು. ವಿದ್ಯುತ್ ಕಾಯ್ದೆಯ 11ನೇ ಕಲಮು ಬಳಸಿ, ರಾಜ್ಯದ ಖಾಸಗಿ ಘಟಕಗಳು ಹೊರಗೆ ಮಾರದಂತೆ ಸರಕಾರ ತಡೆಯಿತು. ಉತ್ತರ ಪ್ರದೇಶ, ಪಂಜಾಬ್‌ನಿಂದ ಕೈಗಡ ತರಲಾಯಿತು. ತೀರಿಸುವುದು ಮುಂದಿನ ಮುಂಗಾರಿನಲ್ಲಿ, ನಮ್ಮಲ್ಲಿ ಗಾಳಿ ಹೆಚ್ಚಿರುವಾಗ, ಅವರಲ್ಲಿ ಸೆಖೆ ಇರುವಾಗ.

ಈ ಕೈಗಡದ ದಾರಿ ಹಿಂದೆ ಇಷ್ಟು ಅಗಲವಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗ ಕೂಡಿಕೊಳ್ಳುವವರೆಗೆ ದಕ್ಷಿಣದ ಗ್ರಿಡ್ ದೇಶದ ಉಳಿದ ಭಾಗದೊಂದಿಗೆ ಒಂದೇ ತಾಳದಲ್ಲಿ ತಿರುಗುತ್ತಿರಲಿಲ್ಲ. ತಾಲ್ಚೇರ್–ಕೋಲಾರದಂಥ ಡಿಸಿ ಕೊಂಡಿಗಳಷ್ಟೇ (ತಾಳ ಕೂಡಿಸದೆ ಕರೆಂಟು ಮಾತ್ರ ಸಾಗಿಸುವ ಏಕಮುಖ ವಿದ್ಯುತ್ ಮಾರ್ಗಗಳು) ಇದ್ದವು. 2012ರ ಜುಲೈನಲ್ಲಿ ಉತ್ತರ ಭಾರತ ಕತ್ತಲಾದಾಗ ಬೆಂಗಳೂರಿನಲ್ಲಿ ದೀಪ ಉರಿದದ್ದು ಅದೇ ಕಾರಣಕ್ಕೆ. ಈಗ ಕೂಡಿಕೊಂಡಿದ್ದೇವೆ; ಒಳ್ಳೆಯದೂ ಹಂಚಿಕೆ, ಕೆಟ್ಟದ್ದೂ ಹಂಚಿಕೆ.

ಬಿಸಿಲು, ಗಾಳಿ, ನೀರು ಮೂರಿದ್ದರೆ ಒಂದಿಲ್ಲದಿದ್ದರೆ ಇನ್ನೊಂದು ಎಂಬ ಸಮಾಧಾನಕ್ಕೆ 2023 ಹಾಕಿದ ಅಡ್ಡಗೆರೆ ಇದು: ಮಳೆ ತಪ್ಪಿದರೆ ನೀರು ಇಳಿಯುವುದೂ ಬೇಡಿಕೆ ಏರುವುದೂ ಒಂದೇ ದಿನ ಶುರುವಾಗುತ್ತವೆ. ಅಂಥ ವರ್ಷಕ್ಕೆಂದೇ ಕಲ್ಲಿದ್ದಲು ಘಟಕಗಳನ್ನು ಓಡಿಸದಿದ್ದರೂ ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು, ಅದರ ನಿಗದಿತ ಶುಲ್ಕವನ್ನು ಬಿಲ್ಲಿನಲ್ಲಿ ಕಟ್ಟುತ್ತಲೇ ಇರಬೇಕು. ವಿಮೆಯ ಕಂತಿನ ಹಾಗೆ. ಜುಲೈ ತಿಂಗಳ ತೊಂದರೆ ಇದರ ತಲೆಕೆಳಗು: ಮಳೆ ಬಂದು ಪಂಪ್‌ಸೆಟ್ ನಿಂತು, ರಾತ್ರಿಯ ಬೇಡಿಕೆ ಬೇಸಿಗೆಯ ಗರಿಷ್ಠದ ಅರ್ಧದ ಆಸುಪಾಸಿಗಿಳಿದಾಗ ಗಾಳಿ ಭರ್ತಿ, ಜಲಾಶಯ ಭರ್ತಿ. ರಾಯಚೂರಿನ ಯೂನಿಟ್ಟುಗಳನ್ನು ಪೂರ್ತಿ ನಿಲ್ಲಿಸಿದರೂ ಹೆಚ್ಚಾಗುತ್ತದೆ.

ಬೀದಿಯ ಕರೆಂಟು ಹೋಗುವುದು ಬೇರೆ ಕಾರಣಕ್ಕೆ

ಬೆಂಗಳೂರಿನಲ್ಲಿ ಕರೆಂಟು ಹೋದಾಗಲೆಲ್ಲ ಸೋಲಾರನ್ನು ಬೈಯುವವರು ಸಿಗುತ್ತಾರೆ. ಏಪ್ರಿಲ್–ಮೇ ತಿಂಗಳ ಸಂಜೆ ಮಳೆಗೆ ಕೊಂಬೆ ಮುರಿದು 11 ಕೆವಿ ಲೈನಿನ ಮೇಲೆ ಬೀಳುತ್ತದೆ. ಕಂಬದಲ್ಲಿ ಲೈನು ಕೂಡಿಸುವ ಜಂಪ್ ತಂತಿ ಕಟ್ ಆಗುತ್ತದೆ. ಓವರ್‌ಲೋಡ್ ಆದ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಪೈಪು ಹಾಕಲು ಅಗೆದ ಜೆಸಿಬಿ ನೆಲದಡಿಯ ಕೇಬಲ್ಲಿಗೆ ಹಲ್ಲು ಹಾಕುತ್ತದೆ. ಈ ಯಾವುದಕ್ಕೂ ರಾಜ್ಯದಲ್ಲಿ ವಿದ್ಯುತ್ ಸಾಲದೆ ಬಂದ ಕೊರತೆಗೂ ಸಂಬಂಧವಿಲ್ಲ. ಗುರುತಿಸುವುದೂ ಸುಲಭ: ಪಕ್ಕದ ಬೀದಿಯಲ್ಲಿ ದೀಪ ಇದೆಯೇ ನೋಡಿ. ಲೋಡ್ ಶೆಡ್ಡಿಂಗ್ ಆದರೆ ಇಡೀ ಫೀಡರ್ ಹೋಗುತ್ತದೆ, ಹೊತ್ತು ನಿಗದಿಯಾಗಿರುತ್ತದೆ. ನಿಮ್ಮ ಬೀದಿ ಮಾತ್ರ ಕತ್ತಲಾದರೆ 1912ಕ್ಕೆ ಫೋನು ಮಾಡುವುದೇ ದಾರಿ.

ತಾರಸಿ ಸೋಲಾರ್ ತರುವ ಸ್ಥಳೀಯ ತೊಂದರೆ ಒಂದುಂಟು. ಒಂದೇ ಟ್ರಾನ್ಸ್‌ಫಾರ್ಮರ್ ಕೆಳಗೆ ಹಲವು ಮನೆಗಳು ಮಧ್ಯಾಹ್ನ ಒಟ್ಟಿಗೆ ಹೊರಗೆ ತಳ್ಳಿದರೆ ಬೀದಿಯ ಕೊನೆಯಲ್ಲಿ ವೋಲ್ಟೇಜ್ 250 ದಾಟುತ್ತದೆ. ಆಗ ಇನ್ವರ್ಟರ್ ‘ಗ್ರಿಡ್ ಓವರ್ ವೋಲ್ಟೇಜ್’ ಎಂದು ಬರೆದುಕೊಂಡು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಇಳುವರಿ ಕಡಿಮೆಯಾಯಿತೆಂದು ಪ್ಯಾನೆಲ್ ಕಂಪನಿಯ ಜೊತೆ ಜಗಳಕ್ಕೆ ಹೋಗುವ ಮೊದಲು ಇನ್ವರ್ಟರ್‌ನ ದಾಖಲೆ ನೋಡಬೇಕು. ಇಳುವರಿ ಇಳಿಯಲು ಇನ್ನೊಂದು ಕಾರಣ ನೆರಳು. ಪಕ್ಕದ ಮನೆಯವರು ಮೇಲೊಂದು ಅಂತಸ್ತು ಎಬ್ಬಿಸಿದರೆ, ಸರಣಿಯಲ್ಲಿ ಕೂಡಿಸಿದ ಪ್ಯಾನೆಲ್‌ಗಳಲ್ಲಿ ಒಂದೆರಡರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಇಳುವರಿಯನ್ನು ಎಳೆದುಹಾಕುತ್ತದೆ.

ದೊಡ್ಡ ಪ್ರಮಾಣದಲ್ಲಿ ವೋಲ್ಟೇಜ್ ಕೆಟ್ಟರೆ ಏನಾಗುತ್ತದೆ ಎನ್ನುವುದನ್ನು 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ನೋಡಿದವು. ಅಲ್ಲಿ ಸಾಲದೆ ಬಂದದ್ದು ವಿದ್ಯುತ್ತಲ್ಲ. ಏರುತ್ತಾ ಹೋದ ವೋಲ್ಟೇಜನ್ನು ಹಿಡಿದಿಡಲಾಗದೆ ಘಟಕಗಳು ಒಂದರ ಹಿಂದೊಂದು ಕಳಚಿಕೊಂಡವು. ರಾಜಸ್ಥಾನದಲ್ಲೂ 2022ರಲ್ಲಿ ವೋಲ್ಟೇಜ್ ಏರುಪೇರಿಗೆ ಸಾವಿರಾರು ಮೆಗಾವ್ಯಾಟ್ ಸೌರ ಒಮ್ಮೆಗೇ ಕಳಚಿಕೊಂಡ ಘಟನೆಗಳಾದವು. ಭಾರದ ಟರ್ಬೈನು ತನ್ನ ತಿರುಗುವಿಕೆಯಿಂದಲೇ ಗ್ರಿಡ್‌ಗೆ ಕೊಡುತ್ತಿದ್ದ ಬಿಗಿಯನ್ನು ಇನ್ವರ್ಟರ್ ತಾನಾಗಿ ಕೊಡುವುದಿಲ್ಲ. ಕೊಡುವಂತೆ ಅದನ್ನು ಕಟ್ಟಬೇಕು, ಹೊಂದಿಸಬೇಕು, ಪರೀಕ್ಷಿಸಬೇಕು.

ಇನ್ನು ಬೆಂಗಳೂರು ತಾನೇ ಸರಿಸಬಹುದಾದ ಲೋಡು. ಬಿಸಿನೀರಿನ ವಿಷಯದಲ್ಲಿ ಈ ಊರು ಆಗಲೇ ದಾರಿ ತೋರಿಸಿದೆ. 2007ರಿಂದ ಸೋಲಾರ್ ವಾಟರ್ ಹೀಟರ್ ಕಡ್ಡಾಯವಾದ ಮೇಲೆ ಬೆಳಗಿನ ಗೀಸರ್ ಲೋಡು ಎಷ್ಟೋ ತಾರಸಿಗಳಲ್ಲೇ ಕರಗಿಹೋಯಿತು. ನೀರಿನದ್ದು ಇನ್ನೂ ದೊಡ್ಡದು. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾದ ಮೇಲೆ ಊರಿಗೆ ತರುವ ಸಾಮರ್ಥ್ಯ ದಿನಕ್ಕೆ 222 ಕೋಟಿ ಲೀಟರ್. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಮೂಲಕ ನೂರು ಕಿಲೋಮೀಟರ್ ದೂರ. ಪೈಪಿನ ಘರ್ಷಣೆಯೂ ಸೇರಿ ಅರ್ಧ ಕಿಲೋಮೀಟರ್ ಎತ್ತರಕ್ಕೆ ಎತ್ತಿದಂತೆ ಎಂದು ಹಿಡಿದು, ಪಂಪು ಮೋಟರಿನ ನಷ್ಟವನ್ನೂ ಕೂಡಿಸಿದರೆ ದಿನಕ್ಕೆ ಸುಮಾರು 38 ಲಕ್ಷ ಯೂನಿಟ್, ಎಡೆಬಿಡದೆ 160 ಮೆಗಾವ್ಯಾಟ್. ಸಂಜೆ ನಾಲ್ಕು ಗಂಟೆ ಈ ಪಂಪುಗಳನ್ನು ನಿಲ್ಲಿಸಿದರೆ 160 ಮೆಗಾವ್ಯಾಟ್ ಬ್ಯಾಟರಿ ಕೊಂಡಷ್ಟೇ ಲಾಭ. ಅಡ್ಡಿ ಇರುವುದು ಪಂಪು, ಪೈಪುಗಳಲ್ಲಿ: ಇಪ್ಪತ್ತನಾಲ್ಕು ಗಂಟೆಯ ನೀರನ್ನು ಇಪ್ಪತ್ತು ಗಂಟೆಯಲ್ಲಿ ತಳ್ಳಲು ಶೇ 20ರಷ್ಟು ಹೆಚ್ಚಿನ ಪಂಪು, ಪೈಪಿನ ಸಾಮರ್ಥ್ಯ ಬೇಕು, ಊರೊಳಗೆ ನಾಲ್ಕು ಗಂಟೆಯ ನೀರು ಹಿಡಿಯುವ ಟ್ಯಾಂಕು ಬೇಕು. ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸುಗಳೂ ಈಗ ಸಾವಿರ ಮೀರಿವೆ. ರಾತ್ರಿ ಡಿಪೊಗೆ ಬಂದ ಬಸ್ಸಿಗೆ ಒಂಬತ್ತಕ್ಕೇ ಪ್ಲಗ್ ಸಿಗಿಸುವುದೋ, ಹನ್ನೊಂದರ ತನಕ ತಡೆಯುವುದೋ, ಇಲ್ಲ ಪ್ರಯಾಣಿಕರು ಕಡಿಮೆಯಿರುವ ಮಧ್ಯಾಹ್ನದ ಎರಡು ಗಂಟೆಯಲ್ಲೇ ಅರ್ಧ ತುಂಬಿಸುವುದೋ ಎಂಬುದು ಡಿಪೊ ಮ್ಯಾನೇಜರ್‌ನ ವೇಳಾಪಟ್ಟಿಯಲ್ಲಿ ತೀರ್ಮಾನವಾಗುವ ವಿಷಯ.

ಗಂಟೆಗೊಂದು ದರ ಎಂಬ ಪದ್ಧತಿಗೆ ಕೇಂದ್ರ 2023ರಲ್ಲಿ ನಿಯಮ ಮಾಡಿದೆ: ಬಿಸಿಲಿನ ಹೊತ್ತಿಗೆ ಕನಿಷ್ಠ ಶೇ 20 ಅಗ್ಗ, ಪೀಕ್ ಹೊತ್ತಿಗೆ ಹೆಚ್ಚು. ಅದು ಮನೆಗೂ ಪೂರ್ತಿ ಬರಬೇಕಾದರೆ ಸ್ಮಾರ್ಟ್ ಮೀಟರ್ ಬೇಕು. ರಾಜಾಜಿನಗರದ ಆ ಮನೆಯ ಮೀಟರ್ ಸದ್ಯಕ್ಕೆ ತಿಂಗಳ ಕೊನೆಯಲ್ಲಿ ಒಳಗೆ ಬಂದದ್ದರಲ್ಲಿ ಹೊರಗೆ ಹೋದದ್ದನ್ನು ಕಳೆದು ಒಂದು ಅಂಕಿ ತೋರಿಸುತ್ತದೆ. ಸಂಪಿನ ಮೋಟರನ್ನು ಮಧ್ಯಾಹ್ನ ಹನ್ನೆರಡಕ್ಕೆ ಹಾಕಿದರೂ ಸಂಜೆ ಏಳೂವರೆಗೆ ಹಾಕಿದರೂ ಬಿಲ್ಲಿನಲ್ಲಿ ಒಂದು ಪೈಸೆಯ ವ್ಯತ್ಯಾಸವಿಲ್ಲ.